ಹಿತ್ತಾಳೆಯ ಮೂಗು

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಾರೆಯೇ ಎಂದು ನಮ್ಮ ಗಾದೆ ಕೇಳುತ್ತದೆ. ಅದನ್ನು ಕಟ್ಟಿದ ಮಹಾನುಭಾವರು ನೆಗಡಿ ಹೊತ್ತುಕೊಂಡು ವಿಸ್ಕಿಯ ರುಚಿ ನೋಡುವ ಕೂಟಕ್ಕೆ ಹೋದವರಲ್ಲವೆಂಬುದು ಖಚಿತ. ಹೋಗಿದ್ದರೆ ಅಷ್ಟು ಧೈರ್ಯದಿಂದ ಆ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ.

ಸ್ವೀಡನ್ನಿನ ಲುಂಡ್ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮೇಲಿನ ಮಹಡಿಯ ನಿವೃತ್ತ ಮೇಷ್ಟರೊಬ್ಬರು ನನ್ನನ್ನೂ ಅಳಿಯನನ್ನೂ ಒಂದು ಶನಿವಾರ ಸಂಜೆ ಕರೆದರು. ಡೆನ್ಮಾರ್ಕಿಗೂ ಸ್ವೀಡನ್ನಿಗೂ ನಡುವೆ ಓರೆಸುಂಡ್ ಜಲಸಂಧಿಯಲ್ಲಿ ವೆನ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ‘ಸ್ಪಿರಿಟ್ ಆಫ್ ವೆನ್’ ಎಂಬ ಸಣ್ಣ ಡಿಸ್ಟಿಲರಿಯ ಸಿಂಗಲ್ ಮಾಲ್ಟ್, ಎಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿಯ ಬಾಟಲಿಯೊಂದನ್ನು ಅವರು ಅಂದು ತೆರೆಯುವವರಿದ್ದರು. ಮಾವನೂ ಅಳಿಯನೂ ಒಂದೇ ಮೇಜಿನಲ್ಲಿ ಕುಳಿತು ವಿಸ್ಕಿ ಕುಡಿಯುವುದು ನಮ್ಮ ಕಡೆ ಇನ್ನೂ ಪೂರ್ತಿಯಾಗಿ ರೂಢಿಗೆ ಬಂದ ಸಂಗತಿಯಲ್ಲವಾದ್ದರಿಂದ, ಅದಕ್ಕೊಂದು ವಿದ್ಯಾಭ್ಯಾಸದ ರೂಪ ಕೊಡಬೇಕೆಂದು ಅಳಿಯ ಅಂದು ಬೆಳಿಗ್ಗೆಯೇ ನನ್ನನ್ನು ದ್ವೀಪ ತೋರಿಸಲು ಕರೆದೊಯ್ದ. ಲಾಂಡ್ಸ್‌ಕ್ರೂನಾ ಬಂದರಿನಿಂದ ಅರ್ಧ ಗಂಟೆಯ ದೋಣಿ, ಆಮೇಲೆ ಬಾಡಿಗೆಯ ಹಳದಿ ಸೈಕಲ್ಲು, ಎರಡು ಕಡೆಯಲ್ಲೂ ಗದ್ದೆ, ನಾಲ್ಕು ಕಡೆಯಲ್ಲೂ ಗಾಳಿ. ಮಫ್ಲರು ಬೇಡವೆಂದು ನಾನೇ ಹೇಳಿದ್ದೆ. ಸಂಜೆ ಐದರ ಹೊತ್ತಿಗೆ ನನ್ನ ಮೂಗಿನ ಎರಡು ಹೊಳ್ಳೆಗಳೂ ಗಾರೆ ಮೆತ್ತಿದಂತೆ ಮುಚ್ಚಿಕೊಂಡವು.

ಮೇಜಿನ ಸುತ್ತ ಆರು ಮಂದಿಯಿದ್ದೆವು. ಬಾಯಿ ಕಿರಿದಾದ, ಹೊಟ್ಟೆ ಉಬ್ಬಿದ ಲೋಟಗಳು, ಪಕ್ಕದಲ್ಲಿ ನೀರು, ಬರೆದುಕೊಳ್ಳಲು ಹಾಳೆ ಮತ್ತು ಪೆನ್ಸಿಲ್ಲು. ‘ಮೊದಲು ಮೂಗು’ ಎಂದರು ಮೇಷ್ಟರು. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ ಮುಂತಾದ ಬೆರಳೆಣಿಕೆಯ ಸಂಗತಿಗಳು ಮಾತ್ರ, ಉಳಿದದ್ದೆಲ್ಲ ಮೂಗಿನ ಪಾಂಡಿತ್ಯ ಎಂದು ವಿವರಿಸಿದರು. ಎಲ್ಲರೂ ಕಣ್ಣು ಮುಚ್ಚಿ ಲೋಟದೊಳಗೆ ಮೂಗು ತೂರಿಸಿದರು. ನಾನೂ ತೂರಿಸಿದೆ. ಬೀಗ ಹಾಕಿದ ಮನೆಯ ಮುಂದೆ ನಿಂತ ನೆಂಟನ ಸ್ಥಿತಿ ನನ್ನದಾಗಿತ್ತು.

ನನ್ನ ಬಲಗಡೆಯ ಗಡ್ಡದ ಮಹನೀಯರಿಗೆ ವೆನಿಲ್ಲಾ ಸಿಕ್ಕಿತು, ಆಮೇಲೆ ಸೇಬಿನ ಸಿಪ್ಪೆ, ಆಮೇಲೆ ಮಳೆಯಲ್ಲಿ ನೆನೆದ ಪೈನ್ ಮರದ ದೋಣಿ. ಪೈನ್ ಮರವೆಂದರೆ ಸಾಲದೆ ಅದು ದೋಣಿಯೇ ಆಗಿರಬೇಕೆ ಎಂದು ನನಗೆ ಸಿಟ್ಟು ಬಂದಿತು. ಸರದಿ ನನ್ನ ಬಳಿಗೆ ಬಂದಾಗ ನಾನು ಪ್ರಾಮಾಣಿಕವಾಗಿ ‘ಬಿಸಿ’ ಎಂದೆ. ಇಲ್ಲಿ ತಪ್ಪು ಉತ್ತರವೆಂಬುದೇ ಇಲ್ಲವೆಂದು ಮೇಷ್ಟರು ಸಮಾಧಾನ ಹೇಳಿದರು; ಹೇಳುವಾಗ ಅವರ ಹುಬ್ಬು ಮಾತ್ರ ತಪ್ಪು ಉತ್ತರ ಕೇಳಿದ ಮೇಷ್ಟರ ಹುಬ್ಬಿನಂತೆಯೇ ಇತ್ತು. ಮೂವತ್ತೆರಡು ವರ್ಷ ಲೆಕ್ಕಪರಿಶೋಧನೆಯಲ್ಲಿ ಇತರರ ತಪ್ಪು ಉತ್ತರಗಳನ್ನು ಹುಡುಕಿಯೇ ಸಂಬಳ ತಿಂದವನು ನಾನು. ತಪ್ಪು ಉತ್ತರವಿಲ್ಲದ ಕಡೆ ಪ್ರಶ್ನೆಯನ್ನಾದರೂ ಏಕೆ ಕೇಳಬೇಕು? ನಾನು ಬೆಂಗಳೂರಿನವನೆಂದು ತಿಳಿದಾಗ ಮಾತ್ರ ಗಡ್ಡದವರ ಮುಖ ಅರಳಿತು. ‘ಅಮೃತ್!’ ಎಂದರು. ಕುಂಬಳಗೋಡಿನಲ್ಲಿ ಭಟ್ಟಿ ಇಳಿಸಿ, 2004ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಮಾರಾಟಕ್ಕಿಟ್ಟ ಆ ಸಿಂಗಲ್ ಮಾಲ್ಟ್ ಇವರಿಗೆ ನಮ್ಮೂರಿನ ವಿಧಾನಸೌಧಕ್ಕಿಂತ ಚೆನ್ನಾಗಿ ಗೊತ್ತಿದೆ. ಆ ಊರಿನವನ ಮೂಗು ಹೀಗಿದೆಯಲ್ಲ ಎಂಬ ಮರುಕವೂ ಮರುಕ್ಷಣವೇ ಅವರ ಕಣ್ಣಿನಲ್ಲಿ ಕಾಣಿಸಿತು.

ಈ ವಿಸ್ಕಿಯ ರುಚಿ ಹೇಗಿತ್ತೆಂಬುದನ್ನು ಖಂಡಿತ ಹೇಳುತ್ತೇನೆ. ಅದಕ್ಕೆ ಮೊದಲು ಆ ದ್ವೀಪದ ಇನ್ನೊಂದು ಮೂಗಿನ ವಿಷಯ ಹೇಳಬೇಕು.

ಮೇಜಿನ ಮೇಲಿದ್ದ ಬಾಟಲಿಯ ಹೆಸರು ‘ಟೈಕೋಸ್ ಸ್ಟಾರ್’. ಖಗೋಳಜ್ಞ ಟೈಕೋ ಬ್ರಾಹೆ 1572ರ ನವೆಂಬರಿನಲ್ಲಿ ಕ್ಯಾಸಿಯೋಪಿಯಾ ನಕ್ಷತ್ರಪುಂಜದಲ್ಲಿ ಕಂಡ ಹೊಸ ನಕ್ಷತ್ರದ ನೆನಪು ಅದು. ನಾಲ್ಕು ವರ್ಷಗಳ ಮೇಲೆ ಡೆನ್ಮಾರ್ಕಿನ ದೊರೆ ಎರಡನೆಯ ಫ್ರೆಡರಿಕ್ ಆತನಿಗೆ ಇಡೀ ವೆನ್ ದ್ವೀಪವನ್ನೇ ಉಂಬಳಿಯಾಗಿ ಕೊಟ್ಟ. ಆಗ ದ್ವೀಪ ಡೆನ್ಮಾರ್ಕಿನದೇ ಆಗಿತ್ತು. ದುರ್ಬೀನು ಇನ್ನೂ ಬಾರದ ಕಾಲದಲ್ಲಿ, ಬರಿಗಣ್ಣಿನಿಂದ ಆಕಾಶವನ್ನು ಅಷ್ಟು ನಿಖರವಾಗಿ ಅಳೆದವರು ಯೂರೋಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಆತನ ಕಣ್ಣಿನ ಕಥೆ ನನಗೆ ಬೇಡ. 1566ರ ಡಿಸೆಂಬರಿನಲ್ಲಿ, ಇಪ್ಪತ್ತು ತುಂಬಿದ ಕೆಲವೇ ದಿನಗಳಲ್ಲಿ, ಜರ್ಮನಿಯ ರೋಸ್ಟಾಕ್ ಊರಿನಲ್ಲಿ ಪಾರ್ಸ್‌ಬೆರ್ಗ್ ಎಂಬ ದೂರದ ದಾಯಾದಿಯೊಡನೆ ಮಾತಿಗೆ ಮಾತು ಬೆಳೆದು, ಕತ್ತಿಗೆ ಕತ್ತಿ ತಾಗಿ, ಟೈಕೋ ತನ್ನ ಮೂಗಿನ ಒಂದು ಭಾಗವನ್ನು ಕಳೆದುಕೊಂಡ. ಜಗಳಕ್ಕೆ ಗಣಿತವೇ ಕಾರಣವೆಂದು ಹೇಳುವುದುಂಟು. ಗಣಿತದ ಪುಸ್ತಕ ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದ ನನ್ನ ಸಹಪಾಠಿಗಳಿಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು. ಉಳಿದ ಆಯುಷ್ಯವನ್ನೆಲ್ಲ ಆತ ಲೋಹದ ಮೂಗನ್ನು ಅಂಟಿಸಿಕೊಂಡೇ ಕಳೆದ. ಅದು ಬೆಳ್ಳಿಬಂಗಾರದ್ದೆಂದು ನಾನೂರು ವರ್ಷ ಜನ ಆಡಿಕೊಂಡರು. 2010ರಲ್ಲಿ ಪ್ರಾಗ್ ನಗರದ ಸಮಾಧಿಯನ್ನು ತೆರೆದು, ಮೂಗಿನ ಎಲುಬಿನ ಮೇಲಿದ್ದ ಕಲೆಯನ್ನು ಪರೀಕ್ಷಿಸಿದಾಗ ತಾಮ್ರವೂ ಸತುವೂ ಸಿಕ್ಕಿದವು. ಎಂದರೆ ಹಿತ್ತಾಳೆ.

ವಿಸ್ಕಿಯ ಲೋಕದಲ್ಲಿ ಮೂಗೇ ಮಹಾಪ್ರಭು. ಆದರೆ ಈ ವಿಸ್ಕಿ ಯಾರ ಹೆಸರನ್ನು ಹೊತ್ತಿದೆಯೋ ಆತನ ಮೂಗು ನಮ್ಮ ಮನೆಯ ಚೊಂಬಿನ ಜಾತಿಯದು. ಇದು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ. ಇನ್ನೂ ಒಂದು ಮಾತಿದೆ. ಮಾಲ್ಟ್ ವಿಸ್ಕಿಯನ್ನು ಭಟ್ಟಿ ಇಳಿಸುವುದು ತಾಮ್ರದ ಹಂಡೆಯಲ್ಲಿ, ಏಕೆಂದರೆ ಹುದುಗಿದ ರಸದಲ್ಲಿರುವ ಗಂಧಕದ ದುರ್ವಾಸನೆಯನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ತಾಮ್ರ ಬೆರೆತ ಮೂಗುಳ್ಳವನು, ತನ್ನ ಊರಾನಿಬೋರ್ಗ್ ಅರಮನೆಯ ನೆಲಮಾಳಿಗೆಯಲ್ಲಿ ಕುಲುಮೆಗಳನ್ನು ಹೂಡಿ, ಮದ್ದುಗಳನ್ನು ಭಟ್ಟಿ ಇಳಿಸುತ್ತಿದ್ದ. ಹಂಡೆಯೂ ತಾಮ್ರ, ಬಗ್ಗಿ ನೋಡುವ ಮೂಗೂ ತಾಮ್ರ. ಅಂಥವನಿಗೆ ದುರ್ವಾಸನೆಯ ಭಯವೆಲ್ಲಿ?

ಇದನ್ನು ನಾನು ಮೇಜಿನಲ್ಲಿ ಹೇಳಿದಾಗ ಗಡ್ಡದವರು ನಕ್ಕು, ಹಾಗಿದ್ದರೆ ಟೈಕೋನ ಎಲ್ಕ್‌ನ ಕಥೆ ಗೊತ್ತೇ ಎಂದು ಕೇಳಿ, ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಾಣಿಗೆ ಒಂದು ವಾಕ್ಯ ಸಾಲದು.

ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಪ್ಪ. ಕುದುರೆಯಷ್ಟು ಎತ್ತರ, ಅಗಲ ಹಲಗೆಯಂಥ ಕೊಂಬು, ಜೋತುಬಿದ್ದ ಮೇಲ್ದುಟಿ. ಜರ್ಮನಿಯ ಕಸ್ಸೆಲ್‌ನ ದೊರೆ ವಿಲ್ಹೆಲ್ಮ್ ಕೂಡ ಟೈಕೋನಂತೆ ನಕ್ಷತ್ರ ನೋಡುವವನೇ. ಇವರಿಬ್ಬರ ನಡುವಿನ ಓಲೆಗಳಲ್ಲಿ ಗ್ರಹಗತಿಗಳ ಜೊತೆಗೆ ಪ್ರಾಣಿಗಳ ಮಾತೂ ಬರುತ್ತಿತ್ತು. ತನ್ನ ಬಳಿ ಸಾಕಿದ ಎಲ್ಕ್ ಇದೆ, ಬೇಕಾದರೆ ಕಳುಹಿಸುವೆನೆಂದು ಟೈಕೋ ಬರೆದ. ಬೇಕೆಂದು ಉತ್ತರ ಬಂದಿತು. ಬೇರೆ ಜಮೀನಿನಲ್ಲಿದ್ದ ಆ ಪ್ರಾಣಿಯನ್ನು ಮೊದಲು ದ್ವೀಪಕ್ಕೆ ತರಿಸುವುದೆಂದು ತೀರ್ಮಾನವಾಯಿತು. ದಾರಿಯಲ್ಲಿ ಅದು ಲಾಂಡ್ಸ್‌ಕ್ರೂನಾ ಕೋಟೆಯಲ್ಲಿ ತಂಗಿತು. ಎಂದರೆ, ಅಂದು ಬೆಳಿಗ್ಗೆ ನಾನು ಮಫ್ಲರಿಲ್ಲದೆ ದೋಣಿ ಹತ್ತಿದ ಊರಿನಲ್ಲಿಯೇ. ಅಲ್ಲಿ ಅದು ತಾನಾಗಿ ಮೆಟ್ಟಿಲು ಹತ್ತಿ ಒಂದು ಕೋಣೆಗೆ ಹೋಗಿ, ಅಲ್ಲಿದ್ದ ಗಡುಸಾದ ಬಿಯರನ್ನು ಹೊಟ್ಟೆತುಂಬ ಕುಡಿದು, ಇಳಿಯುವಾಗ ಕಾಲು ತಪ್ಪಿ ಬಿದ್ದು, ಕಾಲು ಮುರಿದುಕೊಂಡು ಸತ್ತಿತು. ದ್ವೀಪವನ್ನೂ ನೋಡಲಿಲ್ಲ, ಕಸ್ಸೆಲನ್ನೂ ನೋಡಲಿಲ್ಲ.

ಆ ಕೋಣೆಯ ಬಾಗಿಲನ್ನು ತೆರೆದಿಟ್ಟವರು ಯಾರು? ಒಬ್ಬ ದೊರೆಗೆ ಒಪ್ಪಿಸಬೇಕಾದ ಪ್ರಾಣಿಯ ಕಾವಲಿಗೆ ಯಾರನ್ನು ನೇಮಿಸಲಾಗಿತ್ತು, ಖರ್ಚಾದ ಬಿಯರನ್ನು ಯಾವ ಲೆಕ್ಕಕ್ಕೆ ಬರೆದರು? ನನ್ನ ಇಲಾಖೆಯಾಗಿದ್ದರೆ ಇಷ್ಟಕ್ಕೇ ಎರಡು ಆಕ್ಷೇಪಣೆಗಳು ಎದ್ದು, ಒಬ್ಬ ಗುಮಾಸ್ತನ ಬಡ್ತಿ ನಿಲ್ಲುತ್ತಿತ್ತು. ಅಲ್ಲಿ ಮಾತ್ರ ಎಲ್ಲ ತಪ್ಪೂ ಪ್ರಾಣಿಯ ತಲೆಗೆ ಬಂದು, ಕುಡುಕ ಎಲ್ಕ್ ಎಂದು ನಾಲ್ಕು ಶತಮಾನ ನಗುವಂತಾಯಿತು. ಅಷ್ಟಕ್ಕೂ ಆ ದ್ವೀಪದ ರೈತರಿಗೇ ಯಾವ ಸುಖವಿತ್ತು? ಒಂದೊಂದು ಒಕ್ಕಲಿನಿಂದಲೂ ವಾರಕ್ಕೆ ಎರಡು ದಿನ ಬಿಟ್ಟಿ ದುಡಿಸಿಕೊಂಡು ಊರಾನಿಬೋರ್ಗ್ ಕಟ್ಟಿಸಿದವನು ಟೈಕೋ. 1597ರಲ್ಲಿ ಆತ ದ್ವೀಪ ಬಿಟ್ಟುಹೋದ ಮೇಲೆ ಆ ಅರಮನೆ ಉಳಿಯಲಿಲ್ಲ. ಬೆಳಿಗ್ಗೆ ನಾನು ನೋಡಿದ್ದು ಅದರ ತಳಪಾಯದ ಗುರುತು ಮತ್ತು ಹೊಸದಾಗಿ ಬೆಳೆಸಿದ ತೋಟ. ಮೇಜಿನಲ್ಲಿ ಇದನ್ನೂ ಹೇಳಿದೆ. ಯಾರೂ ನಗಲಿಲ್ಲ. ಎರಡನೆಯ ಲೋಟ ಬಂದಿತು.

ಎರಡನೆಯದು ಕಳೆದ ದಶಕದಲ್ಲಿ ಅದೇ ಡಿಸ್ಟಿಲರಿ ಹೊರತಂದ ಏಳು ವಿಸ್ಕಿಗಳ ಮಾಲಿಕೆಯದು. ಏಳಕ್ಕೂ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳ ಹೆಸರು. ನಮ್ಮ ಲೋಟದಲ್ಲಿದ್ದದ್ದು ಮಿಜಾರ್. ಮಿಜಾರ್ ಎಂದರೆ ನಮ್ಮ ವಸಿಷ್ಠ. ರಘುಕುಲದ ಪುರೋಹಿತರನ್ನು ಲೋಟದಲ್ಲಿ ಕಂಡು ನನಗೆ ಕೊಂಚ ಇರುಸುಮುರುಸಾಯಿತು. ಅವರ ಪಕ್ಕದಲ್ಲಿಯೇ ಅರುಂಧತಿ ಇರಬೇಕಲ್ಲ ಎಂದು ಅಳಿಯನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ. ‘ಆ ಹೆಸರಿನ ಬಾಟಲಿ ಇದ್ದಂತಿಲ್ಲ ಮಾವ’ ಎಂದ ಅವನು.

ನನ್ನ ಮದುವೆಯಾದದ್ದು ಮೇ ತಿಂಗಳಿನಲ್ಲಿ, ಹಗಲು ಹನ್ನೊಂದೂವರೆಯ ಮುಹೂರ್ತದಲ್ಲಿ. ಧಾರೆ ಮುಗಿದ ಮೇಲೆ ಪುರೋಹಿತರು ನಮ್ಮಿಬ್ಬರನ್ನೂ ಛತ್ರದ ಅಂಗಳಕ್ಕೆ ಕರೆತಂದು, ಸುಡುಬಿಸಿಲಿನ ಆಕಾಶದತ್ತ ಬೆರಳು ತೋರಿಸಿ, ‘ಅರುಂಧತಿ ಕಾಣಿಸಿತೇ?’ ಎಂದು ಕೇಳಿದರು. ನನಗೆ ಕಂಡದ್ದು ಪಕ್ಕದ ಕಟ್ಟಡದ ನೀರಿನ ತೊಟ್ಟಿ. ‘ಕಾಣಿಸಿತು’ ಎಂದೆ. ಅವಳೂ ಕಾಣಿಸಿತೆಂದಳು. ಇಬ್ಬರೂ ಕೂಡಿ ಆಡಿದ ಮೊದಲ ಸುಳ್ಳು ಅದು. ಎಲೆ ಹಾಕಿಯಾಗಿತ್ತು, ನೆಂಟರು ಹಸಿದಿದ್ದರು. ಕಾಣಿಸಲಿಲ್ಲವೆಂದಿದ್ದರೆ ರಾತ್ರಿಯವರೆಗೆ ಕಾಯಬೇಕಾಗುತ್ತಿತ್ತು.

‘ಹೊಗೆ ಸಿಕ್ಕಿತೇ?’ ಎಂದು ಮೇಷ್ಟರು ಕೇಳುತ್ತಿದ್ದರು. ನನ್ನ ಮೂಗಿನಲ್ಲಿ ಅಷ್ಟು ಹೊತ್ತಿಗೆ ಒಂದು ಸೀನು ಮೇಲೆದ್ದು ಬರುತ್ತಿತ್ತು. ಎದ್ದು ಹೋಗೋಣವೆಂದರೆ ಎಲ್ಲರೂ ಧ್ಯಾನದಲ್ಲಿದ್ದರು. 1601ರಲ್ಲಿ ಪ್ರಾಗ್‌ನ ಒಂದು ಔತಣದಲ್ಲಿ, ಊಟದ ನಡುವೆ ಏಳುವುದು ಮರ್ಯಾದೆಯಲ್ಲವೆಂದು ಮೂತ್ರ ಕಟ್ಟಿಕೊಂಡು ಕುಳಿತು, ಆ ಬಾಧೆಯಿಂದಲೇ ಹನ್ನೊಂದನೆಯ ದಿನ ಸತ್ತವನು ಕೂಡ ಟೈಕೋ ಬ್ರಾಹೆಯೇ ಎಂಬುದು ಆಗ ನೆನಪಾಗಬಾರದಿತ್ತು. ನಾನು ಸೀನನ್ನು ಹಿಡಿದುಕೊಂಡೆ. ಕಣ್ಣಿನಲ್ಲಿ ನೀರು ಬಂದಿತು. ಅದನ್ನು ಕಂಡು ಮೇಷ್ಟರಿಗೆ ನನ್ನ ಮೇಲೆ ಮೊದಲ ಬಾರಿ ಗೌರವ ಹುಟ್ಟಿತೆಂದು ತೋರುತ್ತದೆ.

‘ಸಿಕ್ಕಿತು’ ಎಂದೆ. ಅಷ್ಟಕ್ಕೆ ಬಿಡಬಹುದಿತ್ತು, ಬಿಡಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಯುವಾಗ ಬರುವ ಹೊಗೆ, ಅದರ ಮೇಲೆ ಕುದಿಯುವ ಬೆಲ್ಲದ ನೊರೆ ಎಂದು ವಿಸ್ತರಿಸಿದೆ. ಅಳಿಯ ಅದನ್ನು ಸ್ವೀಡಿಷ್ ಭಾಷೆಗೆ ತಿರುಗಿಸುವಾಗ ಅವನ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಗಡ್ಡದವರು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿ, ಹೌದು, ತಮಗೂ ಸಿಗುತ್ತಿದೆ ಎಂದರು. ಆಲೆಮನೆಯನ್ನು ಕನಸಿನಲ್ಲಿಯೂ ಕಾಣದ ಮನುಷ್ಯ.

ಹೊರಡುವಾಗ ಬಾಟಲಿ ಎಲ್ಲಿ ಸಿಗುತ್ತದೆಂದು ಕೇಳಿದೆ. ಈ ದೇಶದಲ್ಲಿ ವಿಸ್ಕಿ ಮಾರುವುದು ಸರ್ಕಾರದ ಅಂಗಡಿ. ಭಾನುವಾರ ಅದಕ್ಕೆ ರಜೆ. 2025ರ ಜೂನ್ ತಿಂಗಳಿನಿಂದ ಡಿಸ್ಟಿಲರಿಯವರೂ ತಮ್ಮ ಬಾಗಿಲಿನಲ್ಲಿ ಒಬ್ಬರಿಗೆ ಹೆಚ್ಚೆಂದರೆ 0.7 ಲೀಟರು ಮಾರಬಹುದು, ಆದರೆ ಕೊಳ್ಳುವವನು ಮೊದಲು ಹಣ ಕೊಟ್ಟು ಕನಿಷ್ಠ ಅರ್ಧ ಗಂಟೆಯ ಉಪನ್ಯಾಸವನ್ನೋ ದರ್ಶನವನ್ನೋ ಮುಗಿಸಿರಬೇಕು. ಇಂಥ ನಿಯಮವನ್ನು ಬರೆದ ಗುಮಾಸ್ತನ ಕೈ ಕುಲುಕಬೇಕೆನಿಸಿತು.

ಮೇಷ್ಟರ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಬಾಗಿಲು ಮುಚ್ಚಿದ ಮೇಲೆ ನಾನು ನಿರಾತಂಕವಾಗಿ ಏಳು ಬಾರಿ ಸೀನಿದೆ. ಅಳಿಯ ನನ್ನ ರಟ್ಟೆ ಹಿಡಿದು, ‘ಮಾವ, ಮೆಟ್ಟಿಲು, ನಿಧಾನ’ ಎಂದ. ಅವನಿಗೂ ಎಲ್ಕ್ ನೆನಪಾಗಿತ್ತೆಂದು ತೋರುತ್ತದೆ. ನಾನು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಎಣಿಸುತ್ತ ಇಳಿದೆ.