ಆಗ್ರಾಕ್ಕೆ ರೈಲಿನಲ್ಲೇ ಹೋಗಿ, ಆದರೆ ವಾರ ನೋಡಿಕೊಳ್ಳಿ

ಬೆಂಗಳೂರಿನಿಂದ ತಾಜ್ ಮಹಲ್ ನೋಡಲು ಗುಂಪಾಗಿ ರೈಲಿನಲ್ಲಿ ಹೋಗುವುದು ಸುಮ್ನೆ ಸುಸ್ತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸುಸ್ತು ನಿಜ. 2009ರ ಮೇ ತಿಂಗಳಲ್ಲಿ ನಮ್ಮ ಬೀದಿಯ 26 ಜನ ಸ್ಲೀಪರ್ ಬೋಗಿಯಲ್ಲಿ ಹೊರಟೆವು. ನಾಲ್ಕು ಸೀಟು ಕನ್ಫರ್ಮ್ ಆಗಿರಲಿಲ್ಲ, ಹಾಗಾಗಿ ಸರದಿ ಮೇಲೆ ಮಲಗಿದೆವು. ಭುಸಾವಲ್ ದಾಟಿದ ಮೇಲೆ ಕಿಟಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಒಲೆಯ ಝಳ. ಒದ್ದೆ ಟವೆಲ್ ಕಟ್ಟಿದರೆ ಹತ್ತೇ ನಿಮಿಷಕ್ಕೆ ಒಣಗುತ್ತಿತ್ತು. ಇಟಾರ್ಸಿಯಲ್ಲಿ ಹುಡುಗರು ಇಳಿದು ಕ್ಯಾನು ತುಂಬಿಸಿಕೊಂಡು ಬಂದರು. ಪುಳಿಯೋಗರೆ ಖಾಲಿಯಾಗಿ, ಚಪಾತಿ ಚಟ್ನಿಪುಡಿಯಲ್ಲೇ ಎರಡನೇ ದಿನ ಕಳೆಯಿತು.

ರೈಲು ಏಳು ಗಂಟೆ ತಡ. ಆಗ್ರಾ ತಲುಪಿದಾಗ ಗುರುವಾರ ಮಧ್ಯಾಹ್ನ. ಶುಕ್ರವಾರ ತಾಜ್‌ಗೆ ರಜೆ, ಶನಿವಾರ ಬೆಳಿಗ್ಗೆಯೇ ನಮ್ಮ ವಾಪಸ್ ಟಿಕೆಟ್! ಸ್ನಾನವೂ ಇಲ್ಲದೆ ಸೀದಾ ಅಲ್ಲಿಗೇ ಓಡಿದೆವು. ನಿಮ್ಮ ಲೇಖನದಲ್ಲಿ ಈ ಶುಕ್ರವಾರದ ವಿಷಯ ಇಲ್ಲ, ದಯವಿಟ್ಟು ಸೇರಿಸಿ.

ಕೆಂಪು ಕಲ್ಲಿನ ಹೆಬ್ಬಾಗಿಲ ನೆರಳಿನಿಂದ ಆ ಬಿಳಿ ಗುಮ್ಮಟ ಕಂಡಿತಲ್ಲ, ಅಷ್ಟು ಹೊತ್ತು ವಟಗುಟ್ಟುತ್ತಿದ್ದವರೆಲ್ಲ ಸುಮ್ಮನಾದರು. 1632ರ ಸುಮಾರಿಗೆ ಶುರುವಾದ ಕಟ್ಟಡ. ಅಮೃತಶಿಲೆ ಬಂದದ್ದು ರಾಜಸ್ಥಾನದ ಮಕ್ರಾಣದಿಂದ. ಬಾಗಿಲ ಸುತ್ತ ಕೆತ್ತಿದ ಬರಹದಲ್ಲಿ ಮೇಲೆ ಹೋದಂತೆ ಅಕ್ಷರ ದೊಡ್ಡದಾಗುತ್ತದೆ, ಕೆಳಗಿನಿಂದ ನೋಡಿದಾಗ ಎಲ್ಲ ಒಂದೇ ಅಳತೆ ಅನ್ನಿಸಲಿ ಅಂತ. ಎಂಥ ಲೆಕ್ಕಾಚಾರ ಅಲ್ವಾ?

ಮಂಡಿನೋವಿದ್ದ ನಮ್ಮಮ್ಮ ದಾರಿಯುದ್ದಕ್ಕೂ "ಇನ್ನೆಷ್ಟು ದೂರ" ಎಂದು ಕೇಳಿದವರು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು, ಬಾಗಿಲು ಹಾಕುವ ತನಕ ಎದ್ದೇಳಲಿಲ್ಲ.