ಪಕ್ಕದವರ ಹೆಗಲ ಮೇಲಿನ ಕುಂಬಳಕಾಯಿ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಹಳೆಯ ಗಾದೆ. ಆ ಕಾಲದಲ್ಲಿ ಕಳ್ಳರಿಗೂ ಸ್ವಲ್ಪ ಅಳುಕು ಇತ್ತು ಅಂತ ಕಾಣುತ್ತದೆ. ಈಗಿನ ಪ್ರೇಕ್ಷಕ ಹಾಗಲ್ಲ. ವರ್ಣಭೇದದ ಬಗ್ಗೆ ಒಂದು ನಾಟಕ ತೋರಿಸಿ ನೋಡಿ. ಎರಡು ಗಂಟೆ ಮಿಸುಕಾಡದೆ ಕೂರುತ್ತಾನೆ, ಬೇಕಾದ ಕಡೆ ನಿಟ್ಟುಸಿರು ಬಿಡುತ್ತಾನೆ, ಎದ್ದು ಹೊರಡುವಾಗ ಪಕ್ಕದವನ ಹೆಗಲು ಮುಟ್ಟಿ ನೋಡುತ್ತಾನೆ.

ಈ ಮಾತನ್ನು ಪರೀಕ್ಷೆ ಮಾಡಬೇಕು ಅಂದರೆ ‘ಸ್ಪಿನಿಂಗ್ ಇನ್‌ಟು ಬಟರ್’ ಒಳ್ಳೆಯ ಸರಕು. ರೆಬೆಕಾ ಗಿಲ್ಮನ್ ಬರೆದ ನಾಟಕ. 1999ರಲ್ಲಿ ಶಿಕಾಗೋದ ಗುಡ್‌ಮನ್ ಥಿಯೇಟರಿನಲ್ಲಿ ಮೊದಲ ಬಾರಿ ಆಡಿದರು. ಮರುವರ್ಷ ನ್ಯೂಯಾರ್ಕಿನ ಲಿಂಕನ್ ಸೆಂಟರಿಗೆ ಬಂತು. 2009ರ ಮಾರ್ಚಿನಲ್ಲಿ ಸಿನಿಮಾ ಆಗಿ ತೆರೆಗೂ ಬಂತು, ಸಾರಾ ಜೆಸ್ಸಿಕಾ ಪಾರ್ಕರ್ ಡೀನ್ ಪಾತ್ರದಲ್ಲಿ. ಕಥೆ ನಡೆಯುವುದು ವರ್ಮಾಂಟ್ ರಾಜ್ಯದ ಒಂದು ಕಾಲೇಜಿನಲ್ಲಿ. ಚಳಿಗಾಲದಲ್ಲಿ ಹಿಮವೂ ಬಿಳಿ, ವರ್ಷವಿಡೀ ಜನವೂ ಬಿಳಿ. ಅಂಥ ಕಡೆ ಒಬ್ಬ ಕಪ್ಪು ವರ್ಣದ ಹುಡುಗನ ಕೋಣೆಯ ಬಾಗಿಲಿಗೆ ಯಾರೋ ಬೈಗುಳದ ಚೀಟಿ ಅಂಟಿಸುತ್ತಾರೆ.

ಕಾಲೇಜಿನ ದೊಡ್ಡವರು ಏನು ಮಾಡುತ್ತಾರೆ? ಆ ಹುಡುಗನ ಹತ್ತಿರ ಹೋಗಿ ‘ಏನಪ್ಪಾ, ಊಟ ಆಯ್ತಾ, ಹೇಗಿದ್ದೀಯ’ ಅಂತ ಕೇಳುತ್ತಾರೆ ಅಂದುಕೊಂಡಿದ್ದರೆ ನೀವು ಯಾವ ಕಾಲೇಜಿನಲ್ಲೂ ಕೆಲಸ ಮಾಡಿದವರಲ್ಲ. ಅವರು ಸಭೆ ಕರೆಯುತ್ತಾರೆ. ಸಭೆಯಲ್ಲಿ ಬಿಳಿ ಪ್ರಾಧ್ಯಾಪಕರು ಬಿಳಿ ವಿದ್ಯಾರ್ಥಿಗಳಿಗೆ ಕರಿಯರ ಕಷ್ಟದ ಬಗ್ಗೆ ಹೇಳುತ್ತಾರೆ. ಡೀನಮ್ಮನಿಗೆ ಹತ್ತು ಅಂಶದ ಯೋಜನೆ ಬರೆದು ತರಲು ಹೇಳುತ್ತಾರೆ, ಅದೂ ಬೇಗ. ಒಬ್ಬ ಬಿಳಿ ಹುಡುಗ ಸಹಿಷ್ಣುತೆಯ ಸಂಘ ಕಟ್ಟುತ್ತಾನೆ. ಲಾ ಕಾಲೇಜಿಗೆ ಅರ್ಜಿ ಹಾಕುವಾಗ ಒಂದು ಸಾಲು ಜಾಸ್ತಿ ಆಗುತ್ತದಲ್ಲ! ಈ ಹುಡುಗ ನಮ್ಮೂರಲ್ಲಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಯುವ ಘಟಕದ ಕಾರ್ಯದರ್ಶಿ ಆಗಿರುತ್ತಿದ್ದ.

ಇಷ್ಟೆಲ್ಲ ನಡೆಯುವಾಗ ಚೀಟಿ ಅಂಟಿಸಿಕೊಂಡ ಹುಡುಗ ಎಲ್ಲಿ? ಅವನು ರಂಗದ ಮೇಲೆ ಬರುವುದೇ ಇಲ್ಲ. ನಾಟಕದುದ್ದಕ್ಕೂ ಅವನ ಹೆಸರು ಬರುತ್ತದೆ, ಅವನು ಬರುವುದಿಲ್ಲ. ಗಿಲ್ಮನ್ ಬೇಕಂತಲೇ ಇಟ್ಟ ಚೇಷ್ಟೆ ಇದು. ಪ್ರೇಕ್ಷಕರಲ್ಲಿ ಎಷ್ಟು ಜನರಿಗೆ ‘ಅರೆ, ಆ ಹುಡುಗ ಎಲ್ಲಿ?’ ಅಂತ ಅನಿಸುತ್ತದೋ ನೋಡೋಣ ಅಂತ ಇಟ್ಟದ್ದು. ಸಿನಿಮಾದವರಿಗೆ ಮಾತ್ರ ಸಂಕಟ ಆಯಿತು. ಪೋಸ್ಟರಿನಲ್ಲಿ ಯಾರನ್ನು ಹಾಕುವುದು? ಅದಕ್ಕೆ ಕಪ್ಪು ವರ್ಣದ ಒಬ್ಬ ಟಿವಿ ವರದಿಗಾರನನ್ನು ಹೊಸದಾಗಿ ತಂದು ಸೇರಿಸಿದರು.

ಹೆಸರಿನಲ್ಲಿರುವ ಬೆಣ್ಣೆಯ ಕಥೆ ನಮಗೆ ಸ್ವಲ್ಪ ಹತ್ತಿರದ್ದು. ಹೆಲೆನ್ ಬ್ಯಾನರ್‌ಮನ್ ಅಂತ ಸ್ಕಾಟ್ಲೆಂಡಿನ ಹೆಂಗಸು. ಗಂಡ ಇಲ್ಲಿನ ಬ್ರಿಟಿಷ್ ಸರ್ಕಾರದಲ್ಲಿ ವೈದ್ಯ. ಇಂಡಿಯಾದಲ್ಲಿದ್ದಾಗಲೇ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಬರೆದಳು, 1899ರಲ್ಲಿ ಅಚ್ಚಾಯಿತು. ಅದರಲ್ಲಿ ಹುಲಿಗಳು ಒಬ್ಬ ಕಪ್ಪು ಹುಡುಗನ ಬಟ್ಟೆ, ಚಪ್ಪಲಿ, ಛತ್ರಿ ಕಿತ್ತುಕೊಂಡು, ತಮ್ಮಲ್ಲಿ ಯಾರು ಚೆಂದ ಅಂತ ಜಗಳಕ್ಕೆ ಬಿದ್ದು, ಒಂದರ ಬಾಲ ಒಂದು ಕಚ್ಚಿಕೊಂಡು ಮರದ ಸುತ್ತ ಓಡುತ್ತವೆ. ಓಡಿ ಓಡಿ ಕರಗಿ ತುಪ್ಪ ಆಗುತ್ತವೆ. ಅವಳೇ ಬರೆದಿದ್ದಾಳೆ, ಇಂಡಿಯಾದಲ್ಲಿ ಇದನ್ನು ತುಪ್ಪ ಅನ್ನುತ್ತಾರೆ ಅಂತ. ಹುಡುಗನ ಅಮ್ಮ ಅದರಲ್ಲಿ ದೋಸೆಯಂಥದ್ದು ಹುಯ್ದು ಕೊಡುತ್ತಾಳೆ, ಹುಡುಗ 169 ತಿನ್ನುತ್ತಾನೆ. ಮುಂದೆ ಆ ಪುಸ್ತಕದ ಚಿತ್ರಗಳೂ ‘ಸ್ಯಾಂಬೊ’ ಅನ್ನುವ ಆ ಹುಡುಗನ ಹೆಸರೂ ಅಮೆರಿಕದಲ್ಲಿ ಕರಿಯರನ್ನು ಗೇಲಿ ಮಾಡಲು ಬಳಕೆಯಾದವು. ಕಾಡಿನ ಹುಲಿ ನಮ್ಮದು, ತುಪ್ಪ ನಮ್ಮದು, ಅವಮಾನ ಮಾತ್ರ ಇನ್ಯಾರಿಗೋ ಹೋಯಿತು.

ಮರ ಸುತ್ತುವ ಆ ಹುಲಿಗಳನ್ನು ಗಿಲ್ಮನ್ ಕಾಲೇಜಿನ ಸಭೆಗೆ ತಂದು ಕೂರಿಸಿದಳು. ಪ್ರೇಕ್ಷಕರು ನಕ್ಕರು. ಆಮೇಲೆ ಅಮೆರಿಕದ ರಂಗಮಂದಿರಗಳ ಪದ್ಧತಿಯಂತೆ ಅಲ್ಲೇ ಕೂತು ಚರ್ಚೆಯನ್ನೂ ಮಾಡುತ್ತಾರೆ. ಬೆಲೆಬಾಳುವ ಟಿಕೆಟ್ ತೆಗೆದುಕೊಂಡವರು ಮೈಕ್ ಹಿಡಿದು, ‘ಈ ಚರ್ಚೆ ನಡೆಯುವುದು ಬಹಳ ಮುಖ್ಯ’ ಅನ್ನುತ್ತಾರೆ. ಇನ್ನೊಬ್ಬರು ಎದ್ದು, ‘ಹೌದು, ಈ ಚರ್ಚೆ ಮುಂದುವರಿಯಬೇಕು’ ಅನ್ನುತ್ತಾರೆ. ಬಾಲ ಸಿಕ್ಕಿತಲ್ಲ, ಇನ್ನು ಓಡುವುದು ಬಾಕಿ.

ನಾಟಕದ ನಡುಮಧ್ಯೆ ಡೀನಮ್ಮ ಬಾಯಿಬಿಡುತ್ತಾಳೆ. ಹಿಂದೆ ಶಿಕಾಗೋದಲ್ಲಿ ಕಪ್ಪು ವಿದ್ಯಾರ್ಥಿಗಳೇ ಹೆಚ್ಚಿದ್ದ ಕಾಲೇಜಿನಲ್ಲಿ ಕೆಲಸ ಮಾಡಿದ್ದೆ, ಅಲ್ಲಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದೆ, ರೈಲಿನಲ್ಲಿ ಯಾರ ಪಕ್ಕ ಕೂರಬೇಕು ಅಂತ ಬಣ್ಣ ನೋಡಿ ಲೆಕ್ಕ ಹಾಕುತ್ತಿದ್ದೆ ಅಂತ. ಇದು ನಾಟಕದ ಜೀವ. ನನಗಂತೂ ಆ ಒಂದು ದೃಶ್ಯಕ್ಕೆ ಉಳಿದೆಲ್ಲ ಮಾಫಿ. ಆದರೆ ಪ್ರೇಕ್ಷಕ ಇಲ್ಲಿ ಎಂಥ ಚಮತ್ಕಾರ ಮಾಡುತ್ತಾನೆ ನೋಡಿ. ‘ಅಬ್ಬಾ, ಎಂಥ ಧೈರ್ಯದ ಹೆಂಗಸು, ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡಳು’ ಅಂತ ಕಣ್ಣು ತುಂಬಿಕೊಳ್ಳುತ್ತಾನೆ. ಅವಳು ಒಪ್ಪಿಕೊಂಡಳು ಅಂದರೆ ಎಲ್ಲರ ಪರವಾಗಿಯೂ ಒಪ್ಪಿಕೊಂಡ ಹಾಗೆ. ಬಿಡುಗಡೆ ಪತ್ರ ಟಿಕೆಟ್ಟಿನ ಜೊತೆಗೇ ಬರುತ್ತದೆ.

ಕೊನೆಯಲ್ಲಿ ಇನ್ನೊಂದು ತಿರುವು. ಗುಟ್ಟು ಹೇಳುತ್ತಿದ್ದೇನೆ, ಬೇಜಾರಾಗಬೇಡಿ, ನಾಟಕ ಬಂದು ಕಾಲು ಶತಮಾನ ಆಯಿತು. ಆ ಚೀಟಿಗಳನ್ನು ಆ ಹುಡುಗನೇ ಬರೆದು ತನ್ನ ಬಾಗಿಲಿಗೆ ಅಂಟಿಸಿಕೊಂಡಿರುತ್ತಾನೆ. ಒಬ್ಬ ಹುಡುಗ ಹಾಗೆ ಮಾಡುವ ಮಟ್ಟಕ್ಕೆ ಯಾಕೆ ಬಂದ ಅನ್ನುವುದು ನಾಟಕದ ಪ್ರಶ್ನೆ. ಪ್ರೇಕ್ಷಕರಲ್ಲಿ ಒಂದು ಗುಂಪಿಗೆ ಅದು ಪ್ರಶ್ನೆಯಲ್ಲ, ತೀರ್ಪು. ‘ನೋಡಿದ್ರಾ? ಅವನೇ ಮಾಡಿದ್ದು! ನಾನು ಮೊದಲೇ ಹೇಳಲಿಲ್ವಾ?’ ಅಂತ ಕುರ್ಚಿಯಿಂದ ಅರ್ಧ ಎದ್ದೇಬಿಡುತ್ತಾರೆ. ಅಷ್ಟು ಹೊತ್ತು ಡೀನಮ್ಮ ಹೇಳಿದ್ದು, ಸಭೆಯಲ್ಲಿ ನಡೆದದ್ದು ಎಲ್ಲ ಆ ಕ್ಷಣಕ್ಕೆ ರದ್ದು. ಎದುರಿನ ಗುಂಪು ಸುಮ್ಮನಿರುತ್ತದೆಯೇ? ‘ಇಂಥ ಮುಕ್ತಾಯ ಯಾಕೆ ಬರೆದಳು, ತಪ್ಪು ಸಂದೇಶ ಹೋಗುತ್ತದೆ’ ಅಂತ ನಾಟಕಕಾರ್ತಿಯ ಮೇಲೆಯೇ ಏರಿ ಹೋಗುತ್ತದೆ. ಸಂದೇಶ ಕಳಿಸುವುದಕ್ಕೆ ಅಂಚೆ ಕಚೇರಿ ಇದೆ ಸ್ವಾಮಿ.

ಸಿನಿಮಾ ಬಂದಾಗ ಒಬಾಮ ಅಧ್ಯಕ್ಷರಾಗಿ ಎರಡು ತಿಂಗಳು. ವರ್ಣಭೇದ ಮುಗಿಯಿತು, ಅಮೆರಿಕ ದಾಟಿಬಿಟ್ಟಿತು ಅಂತ ದೊಡ್ಡ ದೊಡ್ಡವರೇ ಸಂಭ್ರಮದಲ್ಲಿದ್ದ ಕಾಲ. ಇದೇನು ಹಳಸಲು ವಿಷಯ ಅಂತ ಸಿನಿಮಾ ನೋಡಿದ ಕೆಲವರು ಮೂಗು ಮುರಿದರು. ಅದೇ ಜುಲೈನಲ್ಲಿ ಹಾರ್ವರ್ಡಿನ ಹೆಸರಾಂತ ಕಪ್ಪು ವರ್ಣದ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ತಮ್ಮ ಸ್ವಂತ ಮನೆಗೆ ಹೋಗಿ, ಬಾಗಿಲು ಸಿಕ್ಕಿಕೊಂಡು, ಕಳ್ಳತನದ ಅನುಮಾನಕ್ಕೆ ಗುರಿಯಾಗಿ, ಕೊನೆಗೆ ಪೊಲೀಸರ ಕೈಯಲ್ಲಿ ಬೇಡಿ ಹಾಕಿಸಿಕೊಂಡರು. ಅಧ್ಯಕ್ಷರು ಪ್ರಾಧ್ಯಾಪಕರನ್ನೂ ಪೊಲೀಸನನ್ನೂ ಶ್ವೇತಭವನದ ತೋಟಕ್ಕೆ ಕರೆದು ಬಿಯರ್ ಕುಡಿಸಿದರು. ಹತ್ತು ಅಂಶದ ಯೋಜನೆಗಿಂತ ಇದು ವಾಸಿ ಬಿಡಿ, ಕುಡಿಯುವುದಕ್ಕಾದರೂ ಏನೋ ಸಿಕ್ಕಿತು.

ನಾಟಕದಲ್ಲಿ ಅತಿ ಮಾಡಿದ್ದಾರೆ ಅನ್ನುವವರಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು ತೋರಿಸಬೇಕು. 2000ದಲ್ಲಿ ಮ್ಯಾಡಿಸನ್ ಕ್ಯಾಂಪಸ್ಸಿನವರು ಸೇರಲು ಅರ್ಜಿ ಹಾಕುವ ವಿದ್ಯಾರ್ಥಿಗಳಿಗಾಗಿ ಕೈಪಿಡಿ ಮಾಡಿದರು. ಮುಖಪುಟದಲ್ಲಿ ಫುಟ್‌ಬಾಲ್ ನೋಡುತ್ತಾ ಕೂಗುತ್ತಿರುವ ಗುಂಪು. ಎಲ್ಲರೂ ಬಿಳಿಯರು. ಹೀಗಾದರೆ ಹೇಗೆ ಅಂತ ಇನ್ನೊಂದು ಫೋಟೋದಿಂದ ಒಬ್ಬ ಕಪ್ಪು ವಿದ್ಯಾರ್ಥಿಯ ತಲೆ ಕತ್ತರಿಸಿ ತಂದು ಗುಂಪಿನ ಮಧ್ಯೆ ಅಂಟಿಸಿದರು. ಆ ಹುಡುಗ ಅಲ್ಲಿ ಒಂದು ಫುಟ್‌ಬಾಲ್ ಪಂದ್ಯಕ್ಕೂ ಹೋಗಿರಲಿಲ್ಲ. ಈ ಸಲ ಅಂಟಿಸಿದ್ದು ವಿಶ್ವವಿದ್ಯಾಲಯವೇ, ಆ ಬಗ್ಗೆ ಯಾರಿಗೂ ಅನುಮಾನ ಬೇಡ.

ಮಿಸೂರಿ ವಿಶ್ವವಿದ್ಯಾಲಯದ್ದು ಇನ್ನೂ ಚೆಂದ. 2015ರ ನವೆಂಬರಿನಲ್ಲಿ ಕ್ಯಾಂಪಸ್ಸಿನ ವರ್ಣಭೇದದ ವಿರುದ್ಧ ಒಬ್ಬ ವಿದ್ಯಾರ್ಥಿ ಉಪವಾಸ ಕೂತ. ವಿಶ್ವವಿದ್ಯಾಲಯದ ಅಧ್ಯಕ್ಷರ ಕುರ್ಚಿ ಅಲುಗಲಿಲ್ಲ. ಶನಿವಾರ ಫುಟ್‌ಬಾಲ್ ತಂಡದ ಕಪ್ಪು ಆಟಗಾರರು ‘ನಾವು ಆಡಲ್ಲ’ ಅಂದರು. ಮುಂದಿನ ಪಂದ್ಯ ತಪ್ಪಿದರೆ ಹತ್ತು ಲಕ್ಷ ಡಾಲರ್ ದಂಡ. ಸೋಮವಾರ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಆತ್ಮಸಾಕ್ಷಿಗೂ ವಾರಾಂತ್ಯದ ರಜೆ ಇರುತ್ತದೆ.

ಇನ್ನು ನಮ್ಮವರು. ಅಮೆರಿಕದಲ್ಲಿರುವ ನಮ್ಮವರು ಇಂಥ ಸಿನಿಮಾ ನೋಡುವಾಗ ಬಲಿಪಶುವಿನ ಸೀಟಿನಲ್ಲೇ ಕೂರುತ್ತಾರೆ. ‘ನಮಗೂ ಹೀಗೇ ಮಾಡ್ತಾರೆ, ಏರ್‌ಪೋರ್ಟಿನಲ್ಲಿ ನೋಡಬೇಕು ನೀವು’ ಅನ್ನುತ್ತಾರೆ. ಸುಳ್ಳಲ್ಲ. 2022ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ಭೇದಭಾವ ವಿರೋಧಿ ನಿಯಮದಲ್ಲಿ ಜಾತಿ ಅಂತ ಒಂದು ಪದ ಸೇರಿಸಿತು. ಆಗ ಮಾತ್ರ ಸೀಟು ಬದಲಾಯಿತು. ಭಾರತ ಮೂಲದ ಪ್ರಾಧ್ಯಾಪಕರು ಕೆಲವರು ಕೋರ್ಟಿಗೇ ಹೋದರು. ಇಲ್ಲದ ಜಾತಿಯನ್ನು ನಮ್ಮ ಮೇಲೆ ಹೇರುತ್ತಿದ್ದಾರೆ ಅನ್ನುವ ವಾದವನ್ನು, ಜಾತಕ ಕೂಡಿಸಿ, ಗೋತ್ರ ಕೇಳಿ ಮದುವೆಯಾದವರ ಬಾಯಲ್ಲೂ ಕೇಳುವ ಯೋಗ ಬಂತು.

ಊರಲ್ಲಿರುವವರು ಇನ್ನೂ ನಿರಾಳ. ‘ಅಯ್ಯೋ, ಅಷ್ಟು ಮುಂದುವರಿದ ದೇಶದಲ್ಲಿ ಇದೆಂಥ ಬಣ್ಣದ ಹುಚ್ಚು’ ಅಂತ ಲೊಚಗುಟ್ಟಿ, ಮಗಳ ಮುಖಕ್ಕೆ ಬಿಳಿಯಾಗುವ ಕ್ರೀಮು ಹಚ್ಚುತ್ತಾರೆ. ಬೆಂಗಳೂರಿನ ಹೆಸರಘಟ್ಟದ ಕಡೆ 2016ರ ಜನವರಿ ಕೊನೆಯ ರಾತ್ರಿ ಸುಡಾನಿನ ವಿದ್ಯಾರ್ಥಿಯ ಕಾರು ಹರಿದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಇನ್ನೊಂದು ಕಾರಿನಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಜನ ಎಳೆದು ಹೊಡೆದರು, ಕಾರಿಗೆ ಬೆಂಕಿ ಇಟ್ಟರು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಇದು ಜನಾಂಗೀಯ ದಾಳಿ ಅಲ್ಲ, ಅಪಘಾತದಿಂದ ಸಿಟ್ಟಾದ ಜನರ ಪ್ರತಿಕ್ರಿಯೆ ಅಂತ ಆಗಿನ ಗೃಹ ಸಚಿವರು ವಿವರಿಸಿದರು. ಸಿಟ್ಟಿಗೆ ಬಣ್ಣ ಇರಲಿಲ್ಲ. ಅದು ಬಣ್ಣ ನೋಡಿ ಹೊಡೆಯಿತು, ಅಷ್ಟೇ.

ಬಾಡಿಗೆಗೆ ಮನೆ ಹುಡುಕುವ ಆಫ್ರಿಕಾದ ಹುಡುಗರನ್ನು ನಮ್ಮ ಮನೆ ಮಾಲೀಕರ ಹತ್ತಿರ ಕಳಿಸಿ ನೋಡಿ. ಅಮೆರಿಕದ ಸಿನಿಮಾ ನೋಡಿ ಮರುಗಿದವರೇ ಗೇಟಿನಲ್ಲಿ ನಿಂತು ಹೇಳುತ್ತಾರೆ: ‘ಛೆ ಛೆ, ಭೇದಭಾವ ಏನೂ ಇಲ್ಲ ಸಾರ್. ನಾವು ಹಾಗೆಲ್ಲ ಮಾಡೋರಲ್ಲ. ನಮ್ಮವರೇ ಬಂದ್ರೂ ಅಷ್ಟೇ, ಯಾವ ಜನ ಅಂತ ಕೇಳಿಕೊಂಡೇ ಮನೆ ಕೊಡೋದು.’