ನೆಲ ಬಿಟ್ಟು ಏಳಲಿ ಪ್ಲೈವುಡ್ ಶೀಟು

8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಶೀಟನ್ನು ನೆಲಕ್ಕೆ ಹಾಸಿ, ಅದರ ಮೇಲೆಯೇ ಕುಕ್ಕುರುಗಾಲಲ್ಲಿ ಕೂತು ಕೊಯ್ಯುವ ಮೆಷಿನ್ ಓಡಿಸುವುದನ್ನು ಬಿಡಬೇಕು ಎಂದು ಊರಿಗೆ ಬಂದಾಗ ಬಾಯಿಬಿಟ್ಟರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. "ನಿಮ್ಮ ಅಮೆರಿಕದ್ದು ಅಮೆರಿಕದಲ್ಲೇ ಇರ್ಲಿ ಮಾರಾಯ್ರೆ. ನಮ್ಮ ಅಪ್ಪ, ಅಜ್ಜ ಎಲ್ಲ ಕೂತೇ ಕೆಲ್ಸ ಮಾಡಿದ್ದು." ತೀರ್ಥಹಳ್ಳಿ ಕಡೆಯ ಆಚಾರ್ರ ಎದುರು ಮರಗೆಲಸದ ಬಗ್ಗೆ ವಾದಕ್ಕಿಳಿಯಲು ನಾನು ಯಾರು? ಮಿಷಿಗನ್ನಿನ ಗ್ಯಾರೇಜಿನಲ್ಲಿ ರಜೆಯ ದಿನ ಕಪಾಟು ಮಾಡಿಕೊಳ್ಳುವವನು. ಆದರೂ ಆ ಮಾತಿನಲ್ಲಿ ಅರ್ಧ ಮಾತ್ರ ಸರಿ ಎನ್ನುವುದು ನನ್ನ ಅನಿಸಿಕೆ.

ಅಜ್ಜಂದಿರು ಎಲ್ಲವನ್ನೂ ಕೂತು ಮಾಡಿದವರಲ್ಲ. ಸಾಮಿಲ್ಲು ಬರುವ ಮುಂಚೆ ದಿಮ್ಮಿಯನ್ನು ಹಲಗೆ ಮಾಡುತ್ತಿದ್ದ ರೀತಿ ನೆನಪಿಸಿಕೊಳ್ಳಿ. ದಿಮ್ಮಿಯನ್ನು ಕಂಬಗಳ ಅಟ್ಟಣಿಗೆಗೆ ಏರಿಸುತ್ತಿದ್ದರು, ಇಲ್ಲವೇ ಗುಂಡಿಯ ಮೇಲೆ ಅಡ್ಡ ಇಡುತ್ತಿದ್ದರು. ಒಬ್ಬ ಮೇಲೆ ನಿಂತು, ಇನ್ನೊಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಕೆಳಗಿನವನ ಕಣ್ಣು ಮೂಗೆಲ್ಲ ಹೊಟ್ಟು. ಮೈಗಿಂತ ದೊಡ್ಡದಾದ ಮರವನ್ನು ನೆಲದಲ್ಲಿಟ್ಟು ಕೊಯ್ಯಲಾಗದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೂತು ಮಾಡುತ್ತಿದ್ದದ್ದು ಅಲ್ಲಿಂದ ಮುಂದಿನ ಕೆಲಸ: ಉಳಿಯಲ್ಲಿ ತೂತು ಹೊಡೆಯುವುದು, ಸಂದು ಕೂರಿಸುವುದು, ಕೀಸುಳಿ ಹಾಕುವುದು. ಅಲ್ಲಿ ಎರಡೂ ಪಾದಗಳೇ ಹಿಡಿಕೆ. ಅಮೆರಿಕದವರು ಸಾವಿರಾರು ರೂಪಾಯಿಯ ವೈಸ್ ತಂದು ಬೆಂಚಿಗೆ ಬಿಗಿದು ಮಾಡುವುದನ್ನು ನಮ್ಮ ಆಚಾರ್ರು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಮುಗಿಸುತ್ತಾರೆ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಬಳ್ಳಿ ಕೆತ್ತುವುದನ್ನು ಹತ್ತಿರದಿಂದ ನೋಡಿದವರು ಅವರಿಗೆ ಎದ್ದು ನಿಂತು ಕೆಲಸ ಮಾಡಿ ಎಂದು ಹೇಳಲಾರರು. ತುಂಡು ಮೈಗೆ ಹತ್ತಿರ ಬರುವಷ್ಟು ಚಿಕ್ಕದಾಗಿದ್ದರೆ ಕೂರುವುದೇ ಸರಿ.

ಪ್ಲೈವುಡ್ ಶೀಟು ಆ ಲೆಕ್ಕದ ವಸ್ತುವಲ್ಲ. ಮನೆ ಹಿತ್ತಲಿನ ಮರ ಕಡಿಯುವುದಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಕೇಳಬೇಕಾದ ಕಾಲ ಇದು. ಹಾಗಾಗಿ ಹೊನ್ನೆ, ನಂದಿ, ಹಲಸಿನ ಹಲಗೆಯಲ್ಲಿ ಕೈ ಪಳಗಿಸಿದ ಆಚಾರ್ರು ಈಗ ವಾರ್ಡ್‌ರೋಬು, ಮಾಡ್ಯುಲರ್ ಕಿಚನ್ನು, ಮೈಕಾ ಎಂದು ಶೀಟಿನ ಕೆಲಸದಲ್ಲೇ ಮುಳುಗಿದ್ದಾರೆ. 18 ಮಿಲಿಮೀಟರಿನ ಒಂದು ಶೀಟು ಮೂವತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಕೂತಲ್ಲಿಂದ ಅದರ ನಡುಮಧ್ಯಕ್ಕೆ ಕೈ ಎಟುಕದು, ಎಟುಕಬೇಕಾದರೆ ಅದರ ಮೇಲೇ ಹತ್ತಿ ಕೂರಬೇಕು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿದ್ದ ಮಲೆನಾಡು ಶೀಟನ್ನು ಮಾತ್ರ ನೆಲಕ್ಕೆ ಇಳಿಸಿಬಿಟ್ಟಿತು.

ನೆಲದ ಮೇಲೆ ಆಗುವುದೇನು? ಶೀಟಿನ ಅಡಿಗೆ ಎರಡು ಕಡೆ ರೀಪಿನ, ಅಂದರೆ ಸಪೂರ ಮರದ ಪಟ್ಟಿಯ, ತುಂಡು ಇಡುತ್ತಾರೆ. ಕೊಯ್ಯುವ ಗೆರೆಯ ಹತ್ತಿರ ಎರಡೂ ಪಕ್ಕಕ್ಕೆ ಆಸರೆ ಕೊಟ್ಟಿದ್ದರೆ ತೊಂದರೆಯಿಲ್ಲ, ಇದನ್ನು ಒಪ್ಪಬೇಕು. ಅವಸರದಲ್ಲಿ ಎರಡು ತುದಿಗೆ ಮಾತ್ರ ಇಟ್ಟರೆ ಕೊಯ್ದಂತೆಲ್ಲ ಶೀಟು ನಡುವೆ ಜಗ್ಗುತ್ತದೆ, ಕೊಯ್ದ ಸಂದು ಮೇಲ್ಗಡೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ, ತಿರುಗುವ ಮೆಷಿನ್ ಹಿಂದಕ್ಕೆ ಚಿಮ್ಮುತ್ತದೆ. ಆ ಮೆಷಿನ್ ಬಹಳ ಕಡೆ ಕಲ್ಲು ಕೊಯ್ಯಲೆಂದು ಮಾಡಿದ ಮಾರ್ಬಲ್ ಕಟರ್, ಅದಕ್ಕೆ ಮರದ ಬ್ಲೇಡು ಹಾಕಿದ್ದು. ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿದ ಸುತ್ತು. ಸಂದು ಮುಚ್ಚದಂತೆ ಬ್ಲೇಡಿನ ಹಿಂದೆ ಇರಬೇಕಾದ ತಗಡು ಅದರಲ್ಲಿ ಇರುವುದೇ ಇಲ್ಲ. ಹಿಂದಕ್ಕೆ ಚಿಮ್ಮಿದಾಗ ಕುಕ್ಕುರುಗಾಲಲ್ಲಿ ಕೂತವನ ತೊಡೆ ಎಲ್ಲಿರುತ್ತದೆ ಎಂದು ನೀವೇ ಯೋಚಿಸಿ. ಇನ್ನೊಂದು ಸಣ್ಣ ವಿಷಯ: ಈ ಮೆಷಿನ್ನುಗಳ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಸಿಬಿರು ಏಳುವುದು ಮೇಲ್ಮೈಯಲ್ಲಿ. ಆದ್ದರಿಂದ ಒಳ್ಳೆಯ ಮುಖವನ್ನು ಕೆಳಗೆ ಮಾಡಬೇಕು. ಮರಳು, ಸಿಮೆಂಟಿನ ಪುಡಿ ಬಿದ್ದ ಹೊಸ ಮನೆಯ ನೆಲದ ಮೇಲೆ ಒಳ್ಳೆಯ ಮುಖ ಕೆಳಗೆ ಮಾಡಿ ಎಳೆದಾಡಿದರೆ ಆ ಮುಖ ಉಳಿದೀತೇ?

ನಾನಿರುವ ಇಲ್ಲಿಯ, ಅಮೆರಿಕದ, ಪದ್ಧತಿಗೆ ಬರೋಣ. ಶೀಟನ್ನು ಹೊರುವ ಜೋಡಿ ಸ್ಟ್ಯಾಂಡಿಗೆ ಇಲ್ಲಿಯವರು ಸಾಹಾರ್ಸ್ ಎನ್ನುತ್ತಾರೆ. ನಾನು ಕುದುರೆ ಎಂದೇ ಕರೆಯುತ್ತೇನೆ. ನನಗೆ ಹಿಡಿಸಿದ್ದು ಮೊಳೆ, ಸ್ಕ್ರೂ, ಅಂಟು ಯಾವುದೂ ಬೇಡದ, ಗಾಡಿ (ಇನ್ನೊಂದು ಹಲಗೆ ಕೂರುವಷ್ಟು ಅಗಲದ ಸೀಳು) ಕೊಯ್ದು ಒಂದಕ್ಕೊಂದು ಸಿಕ್ಕಿಸುವ ಪ್ಲೈವುಡ್ಡಿನ ಕುದುರೆ. ಕೆಲಸ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಒರಗಿಸಿದರಾಯಿತು. ಇಲ್ಲಿ ಅದು ಬೇಕಾದದ್ದು ಹಿಮದ ಕಾಲದಲ್ಲಿ ಗ್ಯಾರೇಜಿನೊಳಗೆ ಕಾರೂ ನಿಲ್ಲಬೇಕಲ್ಲ, ಅದಕ್ಕೆ.

ಒಂದೇ ಶೀಟಿನಲ್ಲಿ ಒಂದು ಜೋಡಿ ಆಗುತ್ತದೆ. ಪ್ರತಿ ಕುದುರೆಗೆ ಒಂದು ಅಡ್ಡಪಟ್ಟಿ, 48 ಇಂಚು ಉದ್ದ, 12 ಇಂಚು ಎತ್ತರ. ಎರಡು ಕಾಲುಹಲಗೆ, 27 ಇಂಚು ಎತ್ತರ, 24 ಇಂಚು ಅಗಲ, ಬ್ಲೇಡು ತಿನ್ನುವಷ್ಟು ಕಮ್ಮಿ. ನಾಲ್ಕು ಕಾಲುಹಲಗೆ ಎರಡೆರಡಾಗಿ ಶೀಟಿನ 54 ಇಂಚು ತೆಗೆದುಕೊಂಡರೆ, ಎರಡು ಅಡ್ಡಪಟ್ಟಿಗೆ 24. ಒಂದೂವರೆ ಅಡಿ ಮಿಗುತ್ತದೆ, ಅದರಲ್ಲಿ ಇನ್ನೊಂದು ಅಡ್ಡಪಟ್ಟಿ ಕೊಯ್ದಿಟ್ಟುಕೊಳ್ಳಬಹುದು. ಅಡ್ಡಪಟ್ಟಿಗೆ ಎರಡು ತುದಿಯಿಂದ 8 ಇಂಚು ಒಳಗೆ, ಕೆಳಗಿನಿಂದ 6 ಇಂಚು ಆಳದ ಗಾಡಿ. ಕಾಲುಹಲಗೆಯ ನಡುವೆ, ಮೇಲಿನಿಂದ 5 ಇಂಚು ಆಳದ ಗಾಡಿ. ಸಿಕ್ಕಿಸಿದಾಗ ಅಡ್ಡಪಟ್ಟಿ ಕಾಲಿಗಿಂತ ಒಂದು ಇಂಚು ಮೇಲೆ ನಿಲ್ಲುತ್ತದೆ. ಇದು ಬೇಕೆಂದೇ ಮಾಡಿದ್ದು: ಯಾವತ್ತಾದರೂ ಬ್ಲೇಡು ತಾಗಿದರೆ ಪಟ್ಟಿಗೆ ತಾಗಲಿ, ಕಾಲಿಗೆ ಬೇಡ. ಕಾಲುಹಲಗೆಯ ಅಡಿಯಲ್ಲಿ 12 ಇಂಚು ಎತ್ತರದ ಕಮಾನು ತೆಗೆದರೆ ಎರಡು ಪಾದ ಮಾತ್ರ ನೆಲಕ್ಕೆ ತಾಗುತ್ತವೆ, ಏರುಪೇರಿನ ಅಂಗಳದಲ್ಲೂ ನಿಲ್ಲುತ್ತದೆ. ಬಿಚ್ಚಿದ ಜೋಡಿಯ ಆರು ತುಂಡನ್ನು ಒಂದರ ಮೇಲೊಂದು ಪೇರಿಸಿದರೆ ದಪ್ಪ ನಾಲ್ಕೂಕಾಲು ಇಂಚು, ಅಷ್ಟೇ.

ಎರಡು ಕುದುರೆಗಳನ್ನು ಐದು ಅಡಿ ದೂರ ಇಟ್ಟು, ಮೇಲೆ 8 ಅಡಿ ಉದ್ದದ, ಎರಡಿಂಚು ಚೌಕದ ನಾಲ್ಕು ರೀಪು ಹಾಸಿ, ಅದರ ಮೇಲೆ ಶೀಟು. ಉದ್ದಕ್ಕೆ ಕೊಯ್ಯುವಾಗ ಗೆರೆಯ ಎರಡೂ ಪಕ್ಕಕ್ಕೆ ರೀಪು ಬರುವಂತೆ ಸರಿಸಿಕೊಳ್ಳಬೇಕು. ಅಡ್ಡಕ್ಕೆ ಕೊಯ್ಯುವಾಗ ಬ್ಲೇಡನ್ನು ಶೀಟಿನ ದಪ್ಪಕ್ಕಿಂತ ಮೂರು ಮಿಲಿಮೀಟರ್ ಮಾತ್ರ ಕೆಳಗಿಳಿಸಿದರೆ ರೀಪಿನ ಮೇಲೆ ಗೀರು ಬೀಳುತ್ತದೆ, ಬೇರೇನೂ ಆಗದು. ಕೊಯ್ದು ಮುಗಿದ ಮೇಲೂ ಎರಡೂ ತುಂಡು ಇದ್ದಲ್ಲೇ ಮಲಗಿರುತ್ತವೆ. ಕೊನೆಯ ಒಂದು ಅಡಿ ಬಂದಾಗ "ಹಿಡ್ಕೊಳೋ, ಹಿಡ್ಕೊಳೋ" ಎಂದು ಹುಡುಗನನ್ನು ಕೂಗುವ ಕೆಲಸವಿಲ್ಲ.

ಇದನ್ನು ಹಾಗ್ಹಾಗೇ ಊರಿಗೆ ತಂದರೆ ಆಗದು. ಮೊದಲನೆಯದು ಗಾಡಿಯ ಅಗಲ. ಅಂಗಡಿಯವರು 18 ಎಂದ ಶೀಟು 17 ಇರಬಹುದು, 19 ಇರಬಹುದು. ಇಲ್ಲಿಯೂ ಮುಕ್ಕಾಲು ಇಂಚು ಎಂದು ಮಾರುವುದು ನಿಜವಾಗಿ ಇಂಚಿನ 23/32 ಭಾಗ. ತುಂಡನ್ನೇ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುವುದು ಕ್ಷೇಮ. ಮಿಷಿಗನ್ನಿನಲ್ಲಿ ಬಿಗಿಯಾಗಿ ಕೂತರೆ ಚೆಂದ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಹಾಗೆ ಬಿಗಿ ಮಾಡಿದರೆ ಆಷಾಢದಲ್ಲಿ ಸುತ್ತಿಗೆ ಹೊಡೆದರೂ ಬಿಚ್ಚಲಿಕ್ಕಿಲ್ಲ. ಒಂದು ಮಿಲಿಮೀಟರ್ ಸಡಿಲ ಇರಲಿ. ತೇವವನ್ನಷ್ಟೇ ತಡೆಯುವ ಸಾಧಾರಣ ಎಮ್‌ಆರ್ ಶೀಟಿನ ಬದಲು ಐಎಸ್ 710 ಗುರುತಿನದ್ದು, ಅಂದರೆ 72 ಗಂಟೆ ಕುದಿಸಿದರೂ ಅಂಟು ಬಿಡದು ಎಂದು ಪರೀಕ್ಷೆಯಾದದ್ದು, ಕೊಂಡರೆ ಒದ್ದೆ ಅಂಗಳಕ್ಕೂ ಆದೀತು. ಪಾದದ ಅಂಚಿಗೆ ಉಳಿದ ಪೇಂಟು ಬಳಿದರೆ ಇನ್ನೂ ಒಳ್ಳೆಯದು, ನೀರು ಹೀರುವುದು ಅಂಚಿನಿಂದಲೇ. ರೀಪಿಗೆ ಸಿಲ್ವರ್ ಓಕ್ ಸಾಕು. ಪುಕ್ಕಟೆ ಸಿಗುತ್ತದೆಂದು ಅಡಿಕೆ ಮರ ಸೀಳಿದ ದಬ್ಬೆ ಹಾಕಬೇಡಿ, ಅದರ ಬೆನ್ನು ಉರುಟು, ಶೀಟು ಆಡುತ್ತದೆ.

ಇಲ್ಲಿಯವರದ್ದೆಲ್ಲ ಮಾದರಿ ಎಂದು ನನ್ನ ವಾದವಲ್ಲ. ಕುದುರೆ ಮಾಡುವುದೇ ಇವರಲ್ಲಿ ಒಂದು ಚಟ. ಅದಕ್ಕೆ ಎಣ್ಣೆ ಹಾಕಿ ಮಿರುಗಿಸಿ, ಮೂಲೆ ದುಂಡಗೆ ಮಾಡಿ, ಹೆಸರು ಕೊರೆದು, ಕಡೆಗೆ ಅದರ ಮೇಲೆ ಗರಗಸ ತಾಗಿಸಲು ಮನಸ್ಸು ಬಾರದವರಿದ್ದಾರೆ. ಮರಗೆಲಸದವರ ಕೂಲಿ ದುಬಾರಿ, ಅದಕ್ಕೇ ಎಲ್ಲರೂ ಅರ್ಧ ಆಚಾರಿಗಳು. ವರ್ಷಕ್ಕೆ ನಾಲ್ಕು ಶೀಟು ಕೊಯ್ದರೆ ಹೆಚ್ಚು. ದಿನಕ್ಕೆ ಅಷ್ಟು ಕೊಯ್ಯುವ, ಇವತ್ತು ಹೊಸನಗರ, ಮುಂದಿನ ವಾರ ಕೊಪ್ಪ ಎಂದು ಮನೆಯಿಂದ ಮನೆಗೆ ಸಾಮಾನು ಹೊತ್ತು ಹೋಗುವ ನಮ್ಮ ಆಚಾರ್ರಿಗೆ ಬಿಚ್ಚಿ ಕಟ್ಟುವ ಕುದುರೆ ಇವರಿಗಿಂತ ಹತ್ತು ಪಟ್ಟು ಹೆಚ್ಚು ಬೇಕಾದ ವಸ್ತು. ಗ್ಯಾರೇಜಿನ ಜಾಗ ಉಳಿಸಲು ಇವರು ಕಂಡುಕೊಂಡದ್ದು ಆಟೋದ ಹಿಂದಿನ ಸೀಟಿನಲ್ಲಿ ಹೋಗುವ ಕೆಲಸಗಾರನಿಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಆ ಶೀಟಿನ ದುಡ್ಡು ಯಾರು ಕೊಡುವುದು? ಆಚಾರ್ರ ನಿಜವಾದ ಆಕ್ಷೇಪ ಇದು, ಅಜ್ಜಂದಿರ ಮಾತು ಬರೀ ಮುಂದೆ ಮಾಡುವುದಕ್ಕೆ. ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದವರು ತಮ್ಮ ಕೈಯಿಂದ ಒಂದು 710 ಶೀಟು ಹಾಳು ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಬೇಕೆಂದು ಕೇಳುವುದೂ ನ್ಯಾಯವಲ್ಲ. ಮನೆ ಕಟ್ಟಿಸುವವರು ಕೊಡಬೇಕು. ಅದರಲ್ಲೂ ಹೊರಗಿನಿಂದ ದುಡ್ಡು ಕಳಿಸಿ ಊರಲ್ಲಿ ಮನೆ ಎಬ್ಬಿಸುವ ನಮ್ಮಂಥವರು. ಇಟಾಲಿಯನ್ ಟೈಲ್ಸ್ ಆರಿಸಲು ವಾರಗಟ್ಟಲೆ ವಿಡಿಯೋ ಕಾಲ್ ಮಾಡುತ್ತೇವೆ, ಆ ಟೈಲ್ಸಿನ ಮೇಲೇ ಶೀಟು ಎಳೆದಾಡಿ ಗೀರು ಬಿದ್ದರೆ ಆಚಾರ್ರ ಮೇಲೆ ಹಾರಾಡುತ್ತೇವೆ. ಪ್ಲೈವುಡ್ಡಿನ ಪಟ್ಟಿಗೆ ಒಂದು ಶೀಟು ಹೆಚ್ಚು ಬರೆಯಿರಿ. ಕೆಲಸ ಮುಗಿದ ಮೇಲೆ ಕುದುರೆ ಆಚಾರ್ರೇ ಒಯ್ಯಲಿ.

ನಮ್ಮ ಅಣ್ಣನ ಮನೆಯ ಕೆಲಸಕ್ಕೆ ಹೀಗೆ ಮಾಡಿಸಿದ್ದಾಯಿತು. ಆಚಾರ್ರು ಬಳಸುತ್ತಿದ್ದಾರೆ, ಒಂದು ತಕರಾರಿನೊಂದಿಗೆ: ರೀಪು ಸೇರಿ 30 ಇಂಚು ತೀರಾ ಎತ್ತರವಂತೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಅವರು ಕೈಗರಗಸ ಹಿಡಿಯುತ್ತಾರೆ; ಕೈಗರಗಸದವನಿಗೆ ಮಂಡಿ ಊರಿ ಶೀಟನ್ನು ಅದುಮಿ ಹಿಡಿಯುವಷ್ಟು ತಗ್ಗು ಬೇಕು. ಅವರು ಹೇಳುವುದು ಸರಿ. ಪಾದದಿಂದ ನಾಲ್ಕು ಇಂಚು ಕೊಯ್ದು ಹಾಕಿ ಎಂದಿದ್ದೇನೆ, ಕಮಾನು ಇನ್ನೂ ಎಂಟು ಇಂಚು ಉಳಿಯುತ್ತದೆ.